ಹದಿನೇಳನೇ ನಂಬರಿನ ಹುರುಳಿ

ಚಿತ್ರದುರ್ಗ
11 ಜೂನ್ 2024, ಮಂಗಳವಾರ

ಗೊಲ್ಲಪ್ಪ ಮಾವನಿಗೆ ಯಶೋದಾಳ ನಮಸ್ಕಾರ.

ನಿಮ್ಮ ಮೊದಲ ಡಬ್ಬಿ ನಿನ್ನೆ ಹಿರಿಯೂರಿನ ಬಸ್ಸಿನಲ್ಲಿ ಬಂದು ತಲುಪಿತು. ಐಸು ಕರಗಿರಲಿಲ್ಲ, ಮುಚ್ಚಳ ಭದ್ರವಾಗಿತ್ತು. ಅಷ್ಟಕ್ಕೆ ಸಂತೋಷ. ಜೊತೆಯಲ್ಲಿ ಬಂದ ಊಟದ ಪುಸ್ತಕ ನೋಡಿ ಮಾತ್ರ ತಲೆ ಚಚ್ಚಿಕೊಳ್ಳುವಂತಾಯಿತು. ಸೋಮವಾರ, ಊಟ ಆಯಿತು. ಮಂಗಳವಾರ, ಊಟ ಆಯಿತು. ಹೀಗೆ ಭಾನುವಾರದವರೆಗೆ ಏಳು ಸಲ. ಊಟ ಆಯಿತು ಅನ್ನುವುದು ನನಗೂ ಗೊತ್ತು ಮಾವ, ಇಲ್ಲದಿದ್ದರೆ ಡಬ್ಬಿಗೆ ಏನು ಬರುತ್ತಿತ್ತು? ಏನು ತಿಂದಿರಿ, ಎಷ್ಟು ತಿಂದಿರಿ ಅನ್ನುವುದು ಬೇಕು.

ಇದನ್ನು ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಆದರೆ ನನ್ನ ನಂಬರು ಕಂಡರೆ ನೀವು ಫೋನನ್ನು ಪಾಲಮ್ಮತ್ತೆಯ ಕೈಗೆ ಕೊಟ್ಟು ಎದ್ದು ಹೋಗುತ್ತೀರಿ. ಮೂರು ವರ್ಷದಿಂದ ಹೀಗೇ. ಅದಕ್ಕೇ ಈ ಕಾಗದ.

ಇನ್ನೊಮ್ಮೆ ಹೇಳುತ್ತೇನೆ. ಕಾಳಿನ ಪ್ರೋಟೀನು ತಿಂದರೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಹೇಗೆ ಬದಲಾಗುತ್ತವೆ ಅನ್ನುವುದು ನನ್ನ ಸಂಶೋಧನೆ. ಒಟ್ಟು ಮೂವತ್ತು ಜನ. ಹೊಳಲ್ಕೆರೆ ಕಡೆಯ ಬಿ.ದುರ್ಗ, ಇಲ್ಲೇ ಪಕ್ಕದ ಮದಕರಿಪುರ, ಹೊಸದುರ್ಗದ ಒಂದೆರಡು ಊರು, ಆಮೇಲೆ ನಿಮ್ಮ ಹಟ್ಟಿ. ಎಲ್ಲರಿಗೂ ನಾವೇ ಹುರುಳಿ ಕೊಟ್ಟಿದ್ದೇವೆ. ಹದಿನಾರು ವಾರ ದಿನಕ್ಕೊಂದು ಬಟ್ಟಲು ತಿನ್ನಬೇಕು, ವಾರಕ್ಕೊಂದು ಡಬ್ಬಿ ಮಲದ ಸ್ಯಾಂಪಲ್ ಕಳಿಸಬೇಕು. ನಿಮ್ಮದು ಹದಿನೇಳನೇ ನಂಬರು. ನಿಮ್ಮನ್ನು ಯಾಕೆ ಸೇರಿಸಿಕೊಂಡೆ ಅಂದರೆ, ಹೋದ ಚಳಿಗಾಲ ನ್ಯುಮೋನಿಯಾಕ್ಕೆ ಮೂರು ಸಲ ಆಂಟಿಬಯಾಟಿಕ್ ನುಂಗಿದ ಮೇಲೆ ನಿಮ್ಮ ಹೊಟ್ಟೆ ಸರಿಯಾಗೇ ಇಲ್ಲ ಅಂತ ಅಮ್ಮ ಹೇಳಿದಳು. ಅರವತ್ತೆರಡು ಕೆಜಿ ಇದ್ದ ಅವಳ ಅಣ್ಣ ಈಗ ಐವತ್ತನಾಲ್ಕು. ನನಗೆ ಅದರ ಚಿಂತೆ.

ನಾನು ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ ಚೆನ್ನಾಗಿ ಕೂತಿದೆ ತಾನೆ?

ಯಶೋದಾ

*

ಗೊಲ್ಲರಹಟ್ಟಿ, ಹಿರಿಯೂರು ತಾಲ್ಲೂಕು
17 ಜೂನ್ 2024

ಯಶೋದಾಳಿಗೆ ಅವಳ ಮಾವ ಗೊಲ್ಲಪ್ಪ ಬರೆಯುವುದು.

ಮೂವತ್ತಾರು ವರ್ಷ ಈ ಸುತ್ತಿನ ಹನ್ನೊಂದು ಊರಿಗೆ ಅಂಚೆ ಹಂಚಿದವನು ನಾನು. ಓದು ಬಾರದವರಿಗೆ ಓದಿ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಅಷ್ಟು ವರ್ಷದಲ್ಲಿ ನನ್ನ ಹೆಸರಿಗೆ ಅಂತ ಯಾರೂ ಕೂತು ಒಂದು ಕಾಗದ ಬರೆದದ್ದಿಲ್ಲ. ಕೊನೆಗೂ ಒಂದು ಬಂತು, ಅದರಲ್ಲಿ ಬರೀ ಬೈಗುಳ. ಅದೂ ಯಾವ ವಿಷಯಕ್ಕೆ ಬೈಸಿಕೊಂಡೆ ಅಂತ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂತೆಯೂ ಇಲ್ಲ.

ನಿನ್ನ ಡಬ್ಬಿಯ ಕಷ್ಟ ನಿನಗೇನು ಗೊತ್ತು. ಚಪ್ಪಲಿಯನ್ನೇ ಹೊರಗೆ ಬಿಟ್ಟು ಬರುವ ಹಟ್ಟಿ ಇದು. ಮುಳ್ಳುಬೇಲಿಯ ಒಳಕ್ಕೆ ಅದನ್ನು ತರಲಾಗುತ್ತದೆಯೇ? ಬೇಲಿಯಾಚೆಯ ಬೇವಿನ ಮರಕ್ಕೆ ನೇತುಹಾಕಿದ್ದೇನೆ. ಹೋಗುವವರು ಬರುವವರು ಅದೇನು ಅಂತ ಕೇಳುತ್ತಾರೆ. ಸರ್ಕಾರಿ ಕಾಗದ ಅಂದಿದ್ದೇನೆ. ಬಸ್ಸಿನ ಕಂಡಕ್ಟರ್ ಮಂಜಣ್ಣನಂತೂ ಗೊಲ್ಲರ ಮನೆಯ ಡಬ್ಬಿ ಅಂದಮೇಲೆ ತುಪ್ಪವೇ ಇರಬೇಕು ಅಂದುಕೊಂಡು, "ನಮಗೂ ಒಂದು ಚಮಚ ಇಡ್ರಿ ಗೊಲ್ಲಪ್ನೋರೇ" ಅಂದ. ನಾನು ಬಸ್ಸು ಹೊರಡುವವರೆಗೂ ಆಕಾಶ ನೋಡಿಕೊಂಡು ನಿಂತಿದ್ದೆ.

ಊಟದ ಪುಸ್ತಕ ನೀನು ಕೇಳಿದ ಹಾಗೇ ತುಂಬಿದ್ದೇನೆ. ಬೆಳಗ್ಗೆ ರೊಟ್ಟಿ ಅರ್ಧ, ಹಾಲಿನಲ್ಲಿ ನೆನೆಸಿದ್ದು. ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ರಾತ್ರಿ ಮುದ್ದೆ, ಹುರುಳಿ ಸಾರು. ಏಳು ದಿನವೂ ಹುರುಳಿ ಒಂದು ಬಟ್ಟಲು, ಅಳತೆ ತಪ್ಪಿಲ್ಲ.

ಹಲ್ಲು ಚೆನ್ನಾಗಿದೆ. ಅದರ ಮಾತು ಬಿಡು.

ಗೊಲ್ಲಪ್ಪ

*

ಚಿತ್ರದುರ್ಗ
16 ಜುಲೈ 2024

ಮಾವನಿಗೆ,

ಆರು ವಾರದ ಲೆಕ್ಕ ಬಂದಿದೆ. ಉಳಿದ ಇಪ್ಪತ್ತೊಂಬತ್ತು ಜನರಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೀತಿ, ಆದರೂ ಎಲ್ಲರ ಹೊಟ್ಟೆಯಲ್ಲೂ ಏನಾದರೂ ಬದಲಾಗಿದೆ. ಮದಕರಿಪುರದ ಬಸಮ್ಮನಿಗೆ ನಿಮಗಿಂತ ಆರು ವರ್ಷ ಹೆಚ್ಚು, ಅವರದೂ ಚಿಗುರಿಕೊಂಡಿದೆ. ಹದಿನೇಳನೇ ನಂಬರು ಮಾತ್ರ ಮೊದಲ ದಿನ ಹೇಗಿತ್ತೋ ಹಾಗೇ ಇದೆ. ನನ್ನ ಗೈಡ್ ರೇಣುಕಾ ಮೇಡಂ ಡಬ್ಬಿ ಅದಲುಬದಲಾಗಿರಬೇಕು ಅಂದರು. ನಾನೇ ಮುಚ್ಚಳದ ಮೇಲೆ ನಂಬರು ಬರೆದದ್ದು, ಅದಲುಬದಲಾಗಿಲ್ಲ.

ಬೇಸರವಾಗದಿದ್ದರೆ ಕೇಳಿ. ಹಾಲಿನ, ಮೊಟ್ಟೆಯ ಪ್ರೋಟೀನು ಹೆಚ್ಚಿನದೆಲ್ಲ ಮೇಲೆಯೇ ಅರಗಿಹೋಗುತ್ತದೆ. ಕಾಳಿನದು ಅಷ್ಟು ಸಲೀಸಲ್ಲ. ಅದರಲ್ಲಿ ಸ್ವಲ್ಪ ಪಾಲು, ಸಿಪ್ಪೆಯ ನಾರಿನ ಜೊತೆ ಸೇರಿ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಕಾದು ಕೂತಿರುತ್ತವೆ. ಅವು ಆ ನಾರು ತಿಂದು ಒಂದು ಬಗೆಯ ಆಮ್ಲ ಬಿಡುತ್ತವೆ, ಕರುಳಿನ ಒಳಗೋಡೆಗೆ ಅದೇ ಊಟ. ನಾರು ಸಿಗದಿದ್ದರೆ ಅವೇ ಬೇರೆ ದಾರಿ ಹಿಡಿದು ಕರುಳಿಗೆ ಆಗದ್ದನ್ನೂ ಬಿಡುತ್ತವೆ. ಔಷಧಿಯಿಂದ ನಿಮ್ಮೊಳಗೆ ಸತ್ತವು ಸತ್ತವು, ಉಳಿದವು ಹಸಿದಿವೆ. ಅವುಗಳಿಗೆ ಊಟ ಹಾಕಿ ಅಂತ ನಾನು ಕೇಳುತ್ತಿರುವುದು.

ನಿಮ್ಮ ತೂಕ ಐವತ್ಮೂರಕ್ಕೆ ಇಳಿದಿದೆ ಅಂತ ಅತ್ತೆ ಹೇಳಿದರು. ದಿನಾ ಒಂದು ಬಟ್ಟಲು ಹುರುಳಿ ತಿನ್ನುವವರು ಇಳಿಯುವುದು ಹೇಗೆ? ನಿಜವಾಗಿಯೂ ತಿನ್ನುತ್ತಿದ್ದೀರಾ?

ಯಶೋದಾ

*

ಗೊಲ್ಲರಹಟ್ಟಿ
22 ಜುಲೈ 2024

ಯಶೋದಾಳಿಗೆ,

ನಿಜವಾಗಿಯೂ ತಿನ್ನುತ್ತಿದ್ದೀರಾ ಅಂತ ಕೇಳಿದ್ದೀಯ. ನನ್ನ ಸರ್ವೀಸಿನಲ್ಲಿ ಒಂದೇ ಒಂದು ಮನಿಯಾರ್ಡರು ತಪ್ಪು ಕೈಗೆ ಹೋಗಿಲ್ಲ. ವೇದಾವತಿ ತುಂಬಿ ಹರಿದ ವರ್ಷ ಚೀಲ ತಲೆಯ ಮೇಲಿಟ್ಟುಕೊಂಡು ದಾಟಿದ್ದೇನೆ. ಅಂಥವನ ಮಾತಿಗಿಂತ ನಿನಗೆ ಆ ಡಬ್ಬಿಯ ಮಾತು ಹೆಚ್ಚಾಯಿತು.

ನಿನ್ನ ಬ್ಯಾಕ್ಟೀರಿಯಾದ ಕಥೆ ನನಗೆ ಹೊಸದಲ್ಲ. ಕುರಿಗೆ ಮೇವು ದಿಢೀರನೆ ಬದಲಿಸಿದರೆ ಹೊಟ್ಟೆ ಉಬ್ಬರಿಸಿಕೊಂಡು ಬೀಳುತ್ತದೆ. ಒಳಗಿರುವುದಕ್ಕೆ ಹೊಸ ಮೇವಿನ ರೂಢಿಯಾಗಲು ದಿನ ಹಿಡಿಯುತ್ತದೆ. ಇದನ್ನು ನಮ್ಮಪ್ಪ ಯಾವ ಕಾಲೇಜಿಗೂ ಹೋಗದೆ ಹೇಳುತ್ತಿದ್ದ. ನಿನ್ನ ಯಂತ್ರದಲ್ಲೇ ಏನೋ ದೋಷವಿದೆ, ಮೊದಲು ಅದನ್ನು ರಿಪೇರಿ ಮಾಡಿಸು.

ಇಲ್ಲಿ ಎಲ್ಲ ಚೆನ್ನಾಗಿದೆ. ಮಗ ಜುಂಜೇಶನ ಹೆಂಡತಿ ಭಾಗ್ಯಳಿಗೆ ಈಗ ಐದು ತಿಂಗಳು. ಅವನ ಟಗರು ಈ ಸಲ ಬಂದಿರುವ ರೀತಿ ನೀನು ನೋಡಬೇಕು. ಎರಡು ತಿಂಗಳ ಹಿಂದೆ ಪಕ್ಕೆಲುಬು ಎಣಿಸಬಹುದಿತ್ತು, ಈಗ ಕತ್ತು ಎರಡು ಕೈಗೆ ಸಿಗುವುದಿಲ್ಲ. ಮೈ ಹಾಗೆ ಮಿಂಚುತ್ತದೆ. ಸಂತೆಯ ಜನ ಹಟ್ಟಿಗೇ ಬಂದು ಕೇಳಿ ಹೋಗುತ್ತಿದ್ದಾರೆ. ಏನು ತಿನ್ನಿಸುತ್ತೀರಿ ಅಂತ ಎಲ್ಲರದೂ ಒಂದೇ ಪ್ರಶ್ನೆ.

ಮುಂದಿನ ಸಲ ಹುರುಳಿ ಸ್ವಲ್ಪ ಹೆಚ್ಚಿಗೆ ಕಳಿಸು.

ಗೊಲ್ಲಪ್ಪ

*

ಚಿತ್ರದುರ್ಗ
23 ಜುಲೈ 2024

ಮಾವನಿಗೆ,

ನನ್ನದೂ ಅದೇ ಪ್ರಶ್ನೆ. ಟಗರಿಗೆ ಏನು ತಿನ್ನಿಸುತ್ತೀರಿ?

ಯಶೋದಾ

*

ಗೊಲ್ಲರಹಟ್ಟಿ
29 ಜುಲೈ 2024

ಯಶೋದಾಳಿಗೆ,

ಇದರಲ್ಲಿ ಮುಚ್ಚಿಡುವುದೇನಿದೆ. ಹುರುಳಿ ಬೇಯಿಸಿ ಕಟ್ಟು ಬಸಿಯುತ್ತೇವೆ. ಕಟ್ಟಿನಲ್ಲಿ ಸಾರು ಮಾಡುತ್ತೇವೆ, ಮುದ್ದೆಗೆ ಅದಕ್ಕಿಂತ ರುಚಿ ಬೇರೆ ಇಲ್ಲ. ಬಸಿದ ಕಾಳು ಟಗರಿಗೆ. ನಮ್ಮ ತಾತನ ಕಾಲದಿಂದ ನಡೆದುಬಂದದ್ದು ಇದು, ನಿನ್ನ ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಸತ್ವವೆಲ್ಲ ಕಟ್ಟಿಗೆ ಇಳಿದಿರುತ್ತದೆ, ಕಾಳಿನಲ್ಲಿ ಉಳಿಯುವುದು ಬರೀ ಸಿಪ್ಪೆ.

ನೀನು ಹುರುಳಿ ಒಂದು ಬಟ್ಟಲು ಅಂದೆ. ಒಂದು ಬಟ್ಟಲಿನ ಕಟ್ಟು ನಾನು ಕುಡಿದೆ, ಹಾಗೇ ಬರೆದೆ. ಇದರಲ್ಲಿ ಸುಳ್ಳೆಲ್ಲಿದೆ? ಪಾಲಮ್ಮ ಈಗ ಪಕ್ಕದಲ್ಲೇ ನಿಂತು ನಗುತ್ತಿದ್ದಾಳೆ. "ಓದಿದ ಹುಡುಗಿ ಎಂಟು ವಾರ ಟಗರಿಗೆ ಊಟ ಬಡಿಸೈತೆ" ಅಂತ ಬರೆಯಬೇಕಂತೆ. ಬರೆದಿದ್ದೇನೆ.

ಗೊಲ್ಲಪ್ಪ

*

ಚಿತ್ರದುರ್ಗ
30 ಜುಲೈ 2024

ಮಾವನಿಗೆ,

ತಪ್ಪು ನನ್ನದೇ. ನಾನೂ ಅದೇ ಸಾರು ಉಂಡು ಬೆಳೆದವಳು, ಅಮ್ಮ ಬಸಿದ ಕಾಳನ್ನು ಎತ್ತಿಗೆ ಹಾಕುತ್ತಿದ್ದುದನ್ನು ದಿನಾ ನೋಡಿದವಳು. ಹನ್ನೆರಡು ಪುಟದ ಫಾರಂ ಮಾಡಿದೆ, ಅದರಲ್ಲಿ ಕಾಳು ಯಾರು ತಿಂದರು ಅನ್ನುವ ಒಂದು ಪ್ರಶ್ನೆ ಹಾಕಲಿಲ್ಲ. ನಿನ್ನೆ ರೇಣುಕಾ ಮೇಡಂ ನನ್ನ ಮುಖ ನೋಡಿದ್ದು ಹೇಗಿತ್ತು ಅಂದರೆ, ನನಗೆ ಬೇಕಾಗಿತ್ತು ಬಿಡಿ. ಉಳಿದವರೆಲ್ಲ ಕಾಳನ್ನು ಪಲ್ಯ ಮಾಡಿ ತಿಂದಿದ್ದರಿಂದ ನನ್ನ ಮಾನ ಉಳಿಯಿತು.

ಕಟ್ಟಿಗೆ ಸ್ವಲ್ಪ ಸತ್ವ ಇಳಿಯುತ್ತದೆ, ನಿಜ. ಆದರೆ ಪ್ರೋಟೀನಿನ ದೊಡ್ಡ ಪಾಲು, ನಾರು, ಎರಡೂ ಕಾಳಿನಲ್ಲೇ ಉಳಿಯುತ್ತವೆ. ಟಗರನ್ನು ನೋಡಿಯೂ ನಿಮಗೆ ಗೊತ್ತಾಗಲಿಲ್ಲವೇ? ಇನ್ನು ಮೇಲೆ ಕಾಳು ನೀವು ತಿನ್ನಿ. ನಿಮ್ಮ ಲೆಕ್ಕ ಇವತ್ತಿನಿಂದ ಹೊಸದಾಗಿ ಶುರು. ಕಾಳು ತಿಂದೆ ಅಂತಲೇ ಬರೆಯಬೇಕು.

ಯಶೋದಾ

*

ಗೊಲ್ಲರಹಟ್ಟಿ
5 ಆಗಸ್ಟ್ 2024

ಯಶೋದಾಳಿಗೆ,

ಕಾಳು ತಿಂದೆ. ಏಳು ದಿನ, ಏಳು ಬಟ್ಟಲು. ಪುಸ್ತಕದಲ್ಲಿ ಬರೆದಿದ್ದೇನೆ.

ಗೊಲ್ಲಪ್ಪ

*

ಚಿತ್ರದುರ್ಗ
3 ಸೆಪ್ಟೆಂಬರ್ 2024

ಮಾವನಿಗೆ,

ಐದು ಪುಸ್ತಕ, ಐದು ಡಬ್ಬಿ ನನ್ನ ಮುಂದಿವೆ. ಪುಸ್ತಕದಲ್ಲಿ ಮೂವತ್ತೈದು ಸಲ ಕಾಳು ತಿಂದೆ ಅಂತ ನಿಮ್ಮ ಮುತ್ತಿನಂಥ ಅಕ್ಷರದಲ್ಲಿದೆ. ಡಬ್ಬಿಗಳಲ್ಲಿ ಹುರುಳಿ ಸಿಪ್ಪೆಯ ಒಂದು ಚೂರೂ ಇಲ್ಲ. ಮೊದಲ ಸಲ ನೀವು ಸುಳ್ಳು ಬರೆದಿರಲಿಲ್ಲ, ನಾನು ಕೇಳಿದ್ದು ಸರಿಯಿರಲಿಲ್ಲ. ಈ ಸಲ ಸುಳ್ಳು ಬರೆದಿದ್ದೀರಿ.

ರೇಣುಕಾ ಮೇಡಂ ಹದಿನೇಳನೇ ನಂಬರನ್ನು ಪಟ್ಟಿಯಿಂದ ತೆಗೆದುಹಾಕಿದ್ದಾರೆ. ಅದಕ್ಕೆ ನನಗೆ ಬೇಸರವಿಲ್ಲ, ಇಪ್ಪತ್ತೊಂಬತ್ತು ಜನರಲ್ಲಿ ನನ್ನ ಪ್ರಬಂಧದ ಪುಸ್ತಕ ಮುಗಿಯುತ್ತದೆ. ಆದರೆ ನಿಮ್ಮ ತೂಕ ಐವತ್ತೊಂದು. ಮೊನ್ನೆ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಗೋಡೆ ಹಿಡಿದುಕೊಂಡಿರಂತೆ, ಅತ್ತೆ ಫೋನಿನಲ್ಲಿ ಅತ್ತರು. ಡಾಕ್ಟರು ಬೇರೆ ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ಬೀಳುತ್ತಿಲ್ಲ ಅಷ್ಟೇ ಅಂದಿದ್ದಾರೆ.

ಇಷ್ಟು ದಿನ ಕೇಳದೆ ಇದ್ದದ್ದನ್ನು ಕೇಳಿಬಿಡುತ್ತೇನೆ. ಜುಂಜೇಶನನ್ನು ಮದುವೆಯಾಗಲಾರೆ ಅಂತ ಮೂರು ವರ್ಷದ ಹಿಂದೆ ಎಲ್ಲರ ಮುಂದೆ ಹೇಳಿ ನಿಮ್ಮ ತಲೆ ತಗ್ಗಿಸಿದೆ. ಜುಂಜೇಶ ಮರೆತ, ಅತ್ತೆ ಮರೆತರು, ಭಾಗ್ಯ ನನ್ನನ್ನು ಅಕ್ಕ ಅನ್ನುತ್ತಾಳೆ. ನೀವು ಮರೆಯಲಿಲ್ಲ. ನಾನು ಕೊಟ್ಟ ಕಾಳು ಅನ್ನುವ ಕಾರಣಕ್ಕೆ ಅದು ನಿಮ್ಮ ಗಂಟಲಲ್ಲಿ ಇಳಿಯುತ್ತಿಲ್ಲವೇ? ಹಾಗಿದ್ದರೆ ಬೇರೆ ಯಾರ ಕೈಯಿಂದಲಾದರೂ ತಂದು ತಿನ್ನಿ. ನನ್ನ ಮೇಲಿನ ಸಿಟ್ಟಿಗೆ ಸಾಯಬೇಡಿ.

ಯಶೋದಾ

*

ಗೊಲ್ಲರಹಟ್ಟಿ
5 ಸೆಪ್ಟೆಂಬರ್ 2024, ಗುರುವಾರ

ಯಶೋದಾಳಿಗೆ,

ಸೋಮವಾರದವರೆಗೆ ಕಾಯಲಾಗಲಿಲ್ಲ. ಡಬ್ಬಿಯಿಲ್ಲದೆ ಬರೀ ಕಾಗದವನ್ನೇ ಮಂಜಣ್ಣನ ಕೈಗೆ ಕೊಡುತ್ತಿದ್ದೇನೆ.

ಸುಳ್ಳು ಬರೆದದ್ದು ನಿಜ. ಅಂಚೆಯವನಾಗಿದ್ದವನು, ನನ್ನ ಕೈಬರಹದಲ್ಲೇ ಮೂವತ್ತೈದು ಸಲ. ಆದರೆ ನೀನು ತಿಳಿದುಕೊಂಡ ಕಾರಣಕ್ಕಲ್ಲ. ಯಾವುದನ್ನು ನೀನು ತಿಳಿದುಕೊಳ್ಳಬಾರದು ಅಂತ ಇಷ್ಟೆಲ್ಲ ಮಾಡಿದೆನೋ ಅದನ್ನೇ ತಿಳಿದುಕೊಂಡೆಯಲ್ಲ.

ನನಗೆ ಅಗಿಯಲು ಆಗುವುದಿಲ್ಲ. ಮುಂದಿನ ನಾಲ್ಕು ಹಲ್ಲು ಬಿಟ್ಟರೆ ಬಾಯಲ್ಲಿ ಏನೂ ಇಲ್ಲ. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡ, ಆದ್ದರಿಂದ ಪಂಕ್ತಿಯಲ್ಲಿ ಕೂತರೂ ಯಾರಿಗೂ ತಿಳಿಯುವುದಿಲ್ಲ. ಹುರುಳಿಯನ್ನು ಎಷ್ಟು ಬೇಯಿಸಿದರೂ ಸಿಪ್ಪೆ ಬಾಯಲ್ಲೇ ಸುತ್ತುತ್ತದೆ, ನುಂಗಲು ಹೋದರೆ ಕೆಮ್ಮು. ಎರಡು ದಿನ ನೋಡಿದೆ. ಮೂರನೇ ದಿನದಿಂದ ಪಾಲಮ್ಮ ಆಚೆ ಹೋದಾಗ ಟಗರಿಗೇ ಹಾಕುತ್ತಿದ್ದೆ.

ನೀನು ಕೊಟ್ಟ ಹಲ್ಲಿನ ಸೆಟ್ ಇದೆ. ಬಟ್ಟೆಯಲ್ಲಿ ಸುತ್ತಿ ನನ್ನ ಹಳೆಯ ಅಂಚೆ ಚೀಲದಲ್ಲಿಟ್ಟಿದ್ದೇನೆ. ಹಾಕಿಕೊಂಡರೆ ಎಡಗಡೆ ವಸಡು ಕೊಯ್ದು ರಕ್ತ ಬರುತ್ತದೆ. ನಿನ್ನ ಮೊದಲ ಸ್ಟೈಪೆಂಡಿನಲ್ಲಿ ಮಾಡಿಸಿದ್ದು ಅಂತ ನಿನ್ನಮ್ಮ ಹೇಳಿದ್ದಳು. ಆ ಗಲಾಟೆಯಾಗಿ ವರ್ಷವೂ ತುಂಬಿರಲಿಲ್ಲ, ನೀನು ಬಂದು ಮಾತಾಡದೆ ನನ್ನನ್ನು ಕರೆದುಕೊಂಡು ಹೋಗಿ ಅದನ್ನು ಮಾಡಿಸಿದೆ. ಅದನ್ನು ಬೇಡ ಅಂದರೆ ನಿನ್ನ ಮೇಲಿನ ಸಿಟ್ಟಿಗೆ ಬಿಸಾಕಿದೆ ಅಂತ ನೀನು ಅಂದುಕೊಳ್ಳುವುದಿಲ್ಲವೇ? ಅದಕ್ಕೇ ಚೆನ್ನಾಗಿದೆ ಅಂತ ಹೇಳಿದೆ. ಒಮ್ಮೆ ಹೇಳಿದ ಮೇಲೆ ಎರಡು ವರ್ಷ ಹೇಳುತ್ತಲೇ ಇರಬೇಕಾಯಿತು.

ಸಿಟ್ಟು ಬಂದದ್ದು ಸುಳ್ಳಲ್ಲ. ತಂಗಿಯ ಮಗಳು ಮನೆಗೆ ಬರುತ್ತಾಳೆ ಅಂತ ನಾನು ನೀನು ಹುಟ್ಟಿದಾಗಿನಿಂದ ಅಂದುಕೊಂಡಿದ್ದೆ, ನಿನ್ನನ್ನು ಕೇಳಿರಲಿಲ್ಲ. ಆ ಸಿಟ್ಟು ಆರಿ ಬಹಳ ದಿನವಾಯಿತು. ಆರಿತು ಅಂತ ಹೇಗೆ ಹೇಳುವುದು ಅಂತ ಗೊತ್ತಾಗಲಿಲ್ಲ. ನಿನ್ನ ಫೋನು ಬಂದರೆ ಎದ್ದು ಹೋಗುವುದು ಅಭ್ಯಾಸವಾಗಿಬಿಟ್ಟಿತ್ತು.

ಇಷ್ಟೇ ವಿಷಯ. ಇನ್ನು ಬೈಯುವುದಿದ್ದರೆ ಬೈ.

ಗೊಲ್ಲಪ್ಪ

*

ಚಿತ್ರದುರ್ಗ
6 ಸೆಪ್ಟೆಂಬರ್ 2024

ಮಾವ,

ಬೈಯಬೇಕು ಅಂತಲೇ ಕೂತೆ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಒಂದು ಬಟ್ಟಲು ಹುರುಳಿಯನ್ನು ರುಬ್ಬುಗಲ್ಲಿಗೆ ಹಾಕಿದ್ದರೆ ಸಾಕಿತ್ತು, ಅದಕ್ಕೆ ಮೂರು ಕೆಜಿ ಮೈ ಕರಗಿಸಿಕೊಂಡಿರಿ ಅಂತ ಒಂದು ಪುಟ ಬರೆದೆ. ಆಮೇಲೆ ಹರಿದೆ. ಯಾಕೆ ಅಂದರೆ ನಾನೂ ಒಂದನ್ನು ಹೇಳಿಲ್ಲ.

ಆ ಹಲ್ಲಿನ ಡಾಕ್ಟರು ಅವತ್ತೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಸೆಟ್ ಮೊದಲ ಸಲಕ್ಕೇ ಕೂರುವುದಿಲ್ಲ, ಎಲ್ಲಿ ಒತ್ತುತ್ತದೋ ನೋಡಿ ಉಜ್ಜಿ ಸರಿಮಾಡಬೇಕು, ಇನ್ನು ಮೂರು ಸಲ ಕರೆದುಕೊಂಡು ಬನ್ನಿ ಅಂತ. ನಾನು ಆಗಲಿ ಅಂದೆ. ನಿಮಗೆ ಹೇಳಲಿಲ್ಲ. ಹಿರಿಯೂರಿನಿಂದ ದುರ್ಗದವರೆಗೆ ನೀವು ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದಿರಿ, ಹಾಗೆ ಇನ್ನೂ ಮೂರು ಸಲ ನಿಮ್ಮ ಪಕ್ಕ ಕೂರುವ ಧೈರ್ಯ ನನಗಿರಲಿಲ್ಲ. ಚೆನ್ನಾಗಿದೆ ಅಂತ ಅಮ್ಮನ ಬಾಯಲ್ಲಿ ಕೇಳಿದಾಗ ಬದುಕಿಕೊಂಡೆ ಅಂದುಕೊಂಡೆ. ನಿಮ್ಮ ವಸಡು ಕೊಯ್ದದ್ದು ಆ ಸೆಟ್ ಅಲ್ಲ ಮಾವ, ನಾನು.

ಈಗ ಕೇಳಿ. ಮಂಗಳವಾರ ಬೆಳಗಿನ ಬಸ್ಸಿಗೆ ಅಂಚೆ ಚೀಲ ಹಾಕಿಕೊಂಡು ಬನ್ನಿ. ಬಸ್‌ಸ್ಟ್ಯಾಂಡಿನಲ್ಲಿ ನಾನೇ ನಿಂತಿರುತ್ತೇನೆ. ಮೂರು ಸಲವೂ ನಿಂತಿರುತ್ತೇನೆ. ಅಲ್ಲಿಯವರೆಗೆ ಅತ್ತೆಗೆ ಹೇಳಿ, ಬೆಂದ ಕಾಳನ್ನು ನುಣ್ಣಗೆ ರುಬ್ಬಿ ಆ ಕಟ್ಟಿಗೇ ಸೇರಿಸಿ ಸಾರು ಮಾಡಲಿ. ಕುರಿಗೆ ಮೇವು ಬದಲಿಸುವ ಹಾಗೆ ನಿಧಾನವಾಗಿ, ಮೊದಲ ವಾರ ಕಾಲು ಬಟ್ಟಲು.

ಟಗರು ಬೇರೆ ಮೇವು ನೋಡಿಕೊಳ್ಳಲಿ.

ಯಶೋದಾ

*

ಗೊಲ್ಲರಹಟ್ಟಿ
28 ಅಕ್ಟೋಬರ್ 2024

ಯಶೋದಾಳಿಗೆ,

ಬರೆಯುವುದಕ್ಕೆ ಕಾರಣವೇನೂ ಇಲ್ಲ. ನಿನ್ನ ಹದಿನಾರು ವಾರ ಮುಗಿದು ತಿಂಗಳಾಯಿತು, ನಾನು ಪಟ್ಟಿಯಲ್ಲೂ ಇಲ್ಲ. ಆದರೂ ಸೋಮವಾರ ಬಂತು ಅಂದರೆ ಕೈ ಸುಮ್ಮನಿರುವುದಿಲ್ಲ.

ಪಟ್ಟಿಯಿಂದ ಬಿಟ್ಟ ಮೇಲೂ ಕಳಿಸಿದ ಕೊನೆಯ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಚಿಗುರಿವೆ ಅಂತ ಹೋದ ವಾರ ನೀನು ಫೋನಿನಲ್ಲಿ ಹೇಳಿದಾಗ ಪಾಲಮ್ಮ ಎರಡು ಸಲ ಕೇಳಿಸಿಕೊಂಡಳು. ನಿನ್ನ ಪುಸ್ತಕಕ್ಕೆ ಸೇರದ ಲೆಕ್ಕವಾದರೂ ಲೆಕ್ಕವೇ. ರೇಷನ್ ಅಂಗಡಿಯ ತಕ್ಕಡಿಯಲ್ಲಿ ಐವತ್ಮೂರೂವರೆ ತೋರಿಸಿತು. ಮೊನ್ನೆ ಮೊದಲ ಸಲ ರುಬ್ಬದ ಕಾಳು ತಿಂದೆ. ಇಡೀ ಕಾಳು, ಒಂದು ಬಟ್ಟಲು, ಅಗಿದು. ಅಗಿಯುವ ಸದ್ದು ನನ್ನ ಕಿವಿಗೇ ಕೇಳಿಸಿತು. ಟಗರು ಬೇಲಿಯ ಹತ್ತಿರ ನಿಂತು ನೋಡುತ್ತಿತ್ತು, ಅವತ್ತಿನಿಂದ ನಾನು ಕರೆದರೆ ಬರುತ್ತಿಲ್ಲ.

ಈ ಸಲ ಹೊಸ ಡಬ್ಬಿ ಕಳಿಸಿದ್ದೇನೆ, ಅದರಲ್ಲಿ ನಿಜವಾಗಿಯೂ ತುಪ್ಪ ಇದೆ. ಹಿಂದಿನ ಡಬ್ಬಿಗಳಲ್ಲಿ ಏನಿತ್ತು ಅಂತ ಜುಂಜೇಶ ಯಾವಾಗಲೋ ಬಾಯಿಬಿಟ್ಟಿದ್ದಾನೆ. ಮಂಜಣ್ಣ ಇವತ್ತು ಅದನ್ನು ಮುಟ್ಟಲಿಲ್ಲ, ಬಸ್ಸಿನ ಹಿಂದಿನ ಮೂಲೆಯಲ್ಲಿ ನಾನೇ ಇಟ್ಟು ಬಂದೆ. ತುಪ್ಪ ಕಣಯ್ಯಾ ಅಂದರೆ ಕೈ ಮುಗಿದ.

ಇನ್ನೊಂದು ಮಾತು. ಮೂರು ಸಲವೂ ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ನೀನು ಪಕ್ಕದಲ್ಲಿ ಕೂತಿದ್ದಾಗ ನೋಡಿದೆ. ಮಣಿಕಟ್ಟಿನ ಬಳೆ ಮೊಣಕೈವರೆಗೆ ಜಾರುತ್ತದೆ. ಮಧ್ಯಾಹ್ನದ ಊಟ ಏನು ಅಂದರೆ ಬಿಸ್ಕತ್ತು ಅಂದೆ. ಇಡೀ ಜಿಲ್ಲೆಗೆ ಕಾಳು ತಿನ್ನಿಸುವವಳು ತಾನು ತಿನ್ನುವುದು ಇದು. ಡಬ್ಬಿಯ ಕೆಳಗೆ ಒಂದು ಖಾಲಿ ಪುಸ್ತಕ ಇಟ್ಟಿದ್ದೇನೆ, ಗೆರೆಯನ್ನೂ ನಾನೇ ಹಾಕಿದ್ದೇನೆ. ಏನು ತಿಂದೆ, ಎಷ್ಟು ತಿಂದೆ, ದಿನಾ ಬರೆದು ಸೋಮವಾರ ಕಳಿಸು. ಊಟ ಆಯಿತು ಅಂತ ಬರೆದರೆ ನಡೆಯುವುದಿಲ್ಲ.

ನಿನ್ನ ಮಾವ,
ಗೊಲ್ಲಪ್ಪ